ಜೀವಕೋಶಕ್ಕೂ ತುಕ್ಕು ಹಿಡಿಯುತ್ತದೆ!

ಮಳೆಗಾಲದಲ್ಲಿ ಅಂಗಳದಲ್ಲೇ ಮರೆತುಬಿಟ್ಟ ಕುಡುಗೋಲಿಗೆ ನಾಲ್ಕೇ ದಿನಗಳಲ್ಲಿ ತುಕ್ಕು ಹಿಡಿಯುತ್ತದೆ. ಗಾಳಿಯಲ್ಲಿರುವ ಆಮ್ಲಜನಕ ಮತ್ತು ತೇವ ಇದಕ್ಕೆ ಕಾರಣ ಎಂಬುದು ಪ್ರೌಢಶಾಲೆಯ ಮಕ್ಕಳಿಗೂ ಗೊತ್ತು. ಆದರೆ ನಮ್ಮನ್ನು ಬದುಕಿಸುವ ಅದೇ ಆಮ್ಲಜನಕ ನಮ್ಮ ಜೀವಕೋಶಗಳಿಗೂ ಒಂದು ಬಗೆಯ ‘ತುಕ್ಕು’ ಹಿಡಿಸುತ್ತದೆ ಎಂದರೆ ಅಚ್ಚರಿಯಾಗಬಹುದು.

ಜೀವಕೋಶದ ಮೈಟೊಕಾಂಡ್ರಿಯಗಳಲ್ಲಿ ಆಹಾರದಿಂದ ಶಕ್ತಿ ಬಿಡುಗಡೆಯಾಗುವಾಗ ಆಮ್ಲಜನಕ ಕೊನೆಗೆ ನೀರಾಗುತ್ತದೆ. ಅದರಲ್ಲಿ ಅಲ್ಪ ಭಾಗ ಮಾತ್ರ ದಾರಿ ತಪ್ಪಿ ಸೂಪರಾಕ್ಸೈಡ್, ಹೈಡ್ರೊಜನ್ ಪೆರಾಕ್ಸೈಡ್‌ಗಳಾಗುತ್ತದೆ. ಪೆರಾಕ್ಸೈಡ್‌ಗೆ ಕಬ್ಬಿಣದ ಅಯಾನು ಜೊತೆಯಾದರೆ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ಹತ್ತಿರ ಸಿಕ್ಕ ಅಣುವನ್ನೆಲ್ಲ ಕಚ್ಚುವುದು ಇದರ ಸ್ವಭಾವ. ಮುಪ್ಪಿಗೆ ಇಂಥ ರ‍್ಯಾಡಿಕಲ್‌ಗಳೇ ಕಾರಣವಿರಬೇಕೆಂದು ಅಮೆರಿಕದ ಡೆನ್‌ಹ್ಯಾಂ ಹಾರ್ಮನ್ 1956ರಲ್ಲಿ ವಾದ ಮಂಡಿಸಿದರು. 1969ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೊವಿಚ್, ಸೂಪರಾಕ್ಸೈಡನ್ನು ನಿವಾರಿಸುವ ಕಿಣ್ವವನ್ನು ಗುರುತಿಸಿದರು. ಕಾವಲುಗಾರನಿದ್ದಾನೆ ಎಂದಮೇಲೆ ಕಳ್ಳನೂ ಇರಬೇಕಲ್ಲವೆ?

ಬಣ್ಣ ನುಡಿದ ಸಾಕ್ಷಿ

ಕಳ್ಳನ ಹೆಜ್ಜೆಗುರುತು ಸಿಕ್ಕಿದ್ದು ಬೇರೊಂದು ಪ್ರಶ್ನೆಯ ಬೆನ್ನು ಹತ್ತಿದಾಗ. ಬೆಥೆಸ್ಡಾದ ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್‌ನಲ್ಲಿ ಅರ್ಲ್ ಸ್ಟಾಟ್‌ಮನ್, ರಾಡ್ನಿ ಲೆವಿನ್ ಮತ್ತು ಸಂಗಡಿಗರು ಮುಪ್ಪನ್ನು ಕುರಿತು ಯೋಚಿಸುತ್ತಿರಲಿಲ್ಲ. ಈ.ಕೋಲೈ ಬ್ಯಾಕ್ಟೀರಿಯ ಗ್ಲುಟಮಿನ್ ಸಿಂಥಟೇಸ್ ಎಂಬ ಕಿಣ್ವವನ್ನು ಹೇಗೆ ವಿಲೇವಾರಿ ಮಾಡುತ್ತದೆ ಎಂಬುದಷ್ಟೇ ಅವರ ಪ್ರಶ್ನೆ. ಕಿಣ್ವ ಮೊದಲು ಉತ್ಕರ್ಷಣಗೊಂಡು ನಿಷ್ಕ್ರಿಯವಾಗುತ್ತದೆ, ಬಳಿಕ ಅದನ್ನು ಬೇರೆ ಕಿಣ್ವಗಳು ತುಂಡರಿಸುತ್ತವೆ ಎಂದು 1980ರ ದಶಕದ ಆರಂಭದಲ್ಲಿ ತಿಳಿಯಿತು.

ಹೀಗೆ ಪೆಟ್ಟು ತಿಂದ ಪ್ರೋಟೀನುಗಳಲ್ಲಿ ಲೈಸೀನ್, ಆರ್ಜಿನೀನ್, ಪ್ರೋಲೀನ್, ಥ್ರಿಯೊನೀನ್ ಎಂಬ ಅಮೈನೊ ಆಮ್ಲಗಳ ಮೇಲೆ ಕಾರ್ಬೊನೈಲ್ ಗುಂಪು ಮೂಡುತ್ತದೆ. ಪಿ.ಯು.ಸಿ. ವಿದ್ಯಾರ್ಥಿಗಳಿಗೆ ಇದು ಹಳೆಯ ಪರಿಚಯ. ಆಲ್ಡಿಹೈಡ್, ಕೀಟೋನ್‌ಗಳನ್ನು ಪತ್ತೆಹಚ್ಚಲು ಅವರು ಪ್ರಯೋಗಶಾಲೆಯಲ್ಲಿ ಬಳಸುವ 2,4-ಡಿ.ಎನ್.ಪಿ. ದ್ರಾವಣ ಕಿತ್ತಳೆ-ಹಳದಿ ಬಣ್ಣದ ಗಷ್ಟು ಕೊಡುತ್ತದಲ್ಲ, ಅದೇ ರಾಸಾಯನಿಕ ಇಲ್ಲಿಯೂ ಸಾಕ್ಷಿ! ಅದು ಎಷ್ಟು ಅಂಟಿಕೊಂಡಿದೆ ಎಂದು ಅಳೆದರೆ ಪ್ರೋಟೀನಿಗಾದ ಹಾನಿಯ ಲೆಕ್ಕ ಸಿಗುತ್ತದೆ.

1987ರಲ್ಲಿ ಸ್ಟಾಟ್‌ಮನ್ ತಂಡ ವಿವಿಧ ವಯಸ್ಸಿನವರ ಚರ್ಮದಿಂದ ಬೆಳೆಸಿದ ಜೀವಕೋಶಗಳನ್ನು ಹೀಗೆ ಪರೀಕ್ಷಿಸಿತು. ವಯಸ್ಸು ಏರಿದಂತೆ ಕಾರ್ಬೊನೈಲ್ ಪ್ರಮಾಣವೂ ಏರಿತ್ತು. ಅಕಾಲ ಮುಪ್ಪು ತರುವ ಪ್ರೊಜೀರಿಯ, ವರ್ನರ್ ರೋಗಗಳಿದ್ದವರ ಜೀವಕೋಶಗಳಲ್ಲಿ ಅದು ಇನ್ನೂ ಹೆಚ್ಚು.

ಮಾತ್ರೆ ನುಂಗಿದರೆ ಸಾಕೆ?

ಹಾಗಿದ್ದರೆ ಉತ್ಕರ್ಷಣವನ್ನು ತಡೆಯುವ ಮಾತ್ರೆ ನುಂಗಿದರಾಯಿತು ಎಂದು ಯಾರಿಗಾದರೂ ಅನ್ನಿಸೀತು. ಇಲ್ಲೇ ಎಚ್ಚರ ಬೇಕು. ಫಿನ್‌ಲೆಂಡಿನಲ್ಲಿ ಧೂಮಪಾನಿಗಳಾದ 29,133 ಪುರುಷರ ಮೇಲೆ ನಡೆದ ಅಧ್ಯಯನದ ಫಲಿತಾಂಶ 1994ರಲ್ಲಿ ಹೊರಬಿತ್ತು. ದಿನವೂ 20 ಮಿಲಿಗ್ರಾಂ ಬೀಟಾ-ಕೆರೋಟಿನ್ ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ತಗ್ಗುವ ಬದಲು ಶೇಕಡ 18ರಷ್ಟು ಹೆಚ್ಚಿತ್ತು!

ಕಾರಣವೂ ಸರಳವಲ್ಲ. ಹೈಡ್ರೊಜನ್ ಪೆರಾಕ್ಸೈಡ್ ಬರೀ ಶತ್ರುವಲ್ಲ, ಮಿತ ಪ್ರಮಾಣದಲ್ಲಿ ಜೀವಕೋಶಗಳಿಗೆ ಸಂದೇಶವಾಹಕವೂ ಹೌದು. ರೋಗಾಣುಗಳನ್ನು ಕೊಲ್ಲಲು ಬಿಳಿ ರಕ್ತಕಣಗಳು ಇದೇ ಅಸ್ತ್ರ ಹೂಡುತ್ತವೆ. ಜೊತೆಗೆ, ಕೆಟ್ಟ ಪ್ರೋಟೀನುಗಳನ್ನು ಅರೆದು ಹಾಕುವ ಪ್ರೋಟಿಯಸೋಮ್ ಎಂಬ ಗಿರಣಿ ಜೀವಕೋಶದಲ್ಲೇ ಇದೆ. ಮುಪ್ಪಿನಲ್ಲಿ ಕಾರ್ಬೊನೈಲ್ ಹೆಚ್ಚುವುದು ನಿಜವಾದರೂ ಅದೇ ಮುಪ್ಪಿನ ಮೂಲವೇ ಅಥವಾ ಅದರ ಪರಿಣಾಮವೇ ಎಂಬ ಚರ್ಚೆ ಮುಗಿದಿಲ್ಲ.

ಹೊರಗಿನಿಂದ ಬರುವ ರ‍್ಯಾಡಿಕಲ್‌ಗಳನ್ನು ದೂರವಿಡುವುದಂತೂ ನಮ್ಮ ಕೈಯಲ್ಲಿದೆ. ಬೀಡಿ, ಸಿಗರೇಟಿನ ಹೊಗೆಯಲ್ಲಿ ಅವು ಹೇರಳ. ತಟ್ಟೆಯಲ್ಲಿ ಸೊಪ್ಪು, ತರಕಾರಿ, ಹಣ್ಣು ಇರಲಿ. ಅವುಗಳ ಬದಲಿಗೆ ಜಾಹೀರಾತಿನ ಮಾತ್ರೆ ಬೇಡ. ಇನ್ನು ವಿದ್ಯಾರ್ಥಿಗಳು ಮುಂದಿನ ಬಾರಿ ಪ್ರನಾಳದಲ್ಲಿ ಆ ಕಿತ್ತಳೆ ಬಣ್ಣ ಕಂಡಾಗ, ಅಂಕಗಳ ಜೊತೆಗೆ ಈ ಕಥೆಯನ್ನೂ ನೆನೆದರೆ ಒಳ್ಳೆಯದು.