ಸಿನಿಮಾ ವಿವಾದಗಳು: ಸಿಟ್ಟಿಗೆ ಮೊದಲು ವಿಚಾರಣೆ

ಸಿನಿಮಾ ನೋಡುವುದು ಸರಿಯೇ, ತಪ್ಪೇ ಎಂಬುದು ಈ ಲೇಖನದ ವಿಷಯವಲ್ಲ. ಸಿನಿಮಾ ನೋಡದವರೂ ಸಿಕ್ಕಿಬೀಳುವ ಒಂದು ಗೊಂದಲದ ಬಗ್ಗೆ ಇಲ್ಲಿ ಹೇಳಬೇಕಾಗಿದೆ. ಯಾವುದೋ ಚಿತ್ರದ ಹಾಡೋ, ಪೋಸ್ಟರೋ, ಅರ್ಧ ನಿಮಿಷದ ತುಣುಕೋ ಮೊಬೈಲಿಗೆ ಬರುತ್ತದೆ. ಅದರ ಕೆಳಗೆ ‘ಧರ್ಮಕ್ಕೆ ಅವಮಾನ’ ಎಂದೋ ‘ದೇಶಕ್ಕೆ ದ್ರೋಹ’ ಎಂದೋ ಬರೆದಿರುತ್ತದೆ. ಮಗ್ರಿಬ್ ನಮಾಝ್‌ನ ಹೊತ್ತಿಗೆ ಊರೆಲ್ಲ ಅದೇ ಮಾತು. ‘ಉಸ್ತಾದರೇ, ನಾವು ಸುಮ್ಮನೆ ಕೂರಬೇಕಾ?’ ಎಂದು ಯುವಕರು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಉತ್ತರ ಹೇಳುವ ಮೊದಲು, ಇಂತಹ ಸಿಟ್ಟು ಹಿಂದೆ ಎಲ್ಲೆಲ್ಲಿ ಹೋಗಿ ಮುಟ್ಟಿದೆ ಎಂದು ನೋಡೋಣ.

ಮೊದಲಿಗೆ ‘ಪದ್ಮಾವತ್’. ಸೂಫಿ ಕವಿ ಮಲಿಕ್ ಮುಹಮ್ಮದ್ ಜಾಯಸಿ 1540ರ ಸುಮಾರಿಗೆ ಬರೆದ ಕಾವ್ಯವನ್ನು ಆಧರಿಸಿದ ಚಿತ್ರ ಅದು. ಅಲಾವುದ್ದೀನ್ ಖಿಲ್ಜಿ ಮತ್ತು ರಾಣಿ ಪದ್ಮಾವತಿಯ ಪ್ರಣಯದ ಕನಸಿನ ದೃಶ್ಯ ಅದರಲ್ಲಿದೆ ಎಂದು ಸುದ್ದಿ ಹಬ್ಬಿತು. ಇಲ್ಲವೆಂದು ಚಿತ್ರದವರು ಹೇಳಿದರೂ ಯಾರೂ ಕೇಳಲಿಲ್ಲ. 2017ರ ಜನವರಿಯಲ್ಲಿ ಜೈಪುರದ ಚಿತ್ರೀಕರಣದ ಜಾಗಕ್ಕೆ ನುಗ್ಗಿ ನಿರ್ದೇಶಕ ಸಂಜಯ್ ಲೀಲಾ ಬನ್ಸಾಲಿಯವರ ಮೇಲೆ ಕೈಮಾಡಿದರು. ಡಿಸೆಂಬರ್ 1ಕ್ಕೆ ಬರಬೇಕಿದ್ದ ಚಿತ್ರ ಮುಂದಕ್ಕೆ ಹೋಯಿತು, ‘ಪದ್ಮಾವತಿ’ ಎಂಬ ಹೆಸರು ‘ಪದ್ಮಾವತ್’ ಆಯಿತು. ಬಿಡುಗಡೆಯ ಹಿಂದಿನ ದಿನ, 2018ರ ಜನವರಿ 24ರಂದು, ಗುರುಗ್ರಾಮದಲ್ಲಿ ಮಕ್ಕಳಿದ್ದ ಶಾಲಾ ಬಸ್ಸಿಗೆ ಕಲ್ಲು ಬಿತ್ತು. ಮಕ್ಕಳು ಸೀಟಿನ ಕೆಳಗೆ ಮುದುಡಿ ಕುಳಿತರು. ಮರುದಿನ ಚಿತ್ರ ಬಂತು. ಆ ದೃಶ್ಯ ಅದರಲ್ಲಿ ಇರಲಿಲ್ಲ! ಚಿತ್ರ ರಜಪೂತರ ಶೌರ್ಯವನ್ನು ಹೊಗಳುತ್ತದೆ ಎಂದು ಹೋರಾಟಗಾರರಲ್ಲೇ ಕೆಲವರು ಆಮೇಲೆ ಹೇಳಿದರು. ಆ ಬಸ್ಸಿನಲ್ಲಿದ್ದ ಮಕ್ಕಳಿಗೆ ಇದನ್ನು ಹೇಗೆ ವಿವರಿಸುವುದು?

ಇನ್ನೊಂದು ಸಂಗತಿ ಕೇಳಿ. ಇದೇ ಚಿತ್ರಕ್ಕೆ ಮಲೇಷ್ಯಾದ ಸೆನ್ಸಾರ್ ಮಂಡಳಿ ಅನುಮತಿ ಕೊಡಲಿಲ್ಲ. ಮುಸ್ಲಿಮ್ ಸುಲ್ತಾನನನ್ನು ಕೆಟ್ಟದಾಗಿ ತೋರಿಸಲಾಗಿದೆ ಎಂಬುದು ಅಲ್ಲಿನ ಕಾರಣ. ಚಿತ್ರ ಒಂದೇ. ಒಂದು ಕಡೆ ಅದು ರಜಪೂತರಿಗೆ ಅವಮಾನ, ಇನ್ನೊಂದು ಕಡೆ ಮುಸ್ಲಿಮರಿಗೆ ಅವಮಾನ.

ಧರ್ಮದ ಹೆಸರಿನಲ್ಲಿ ನಡೆಯುವುದು ದೇಶದ ಹೆಸರಿನಲ್ಲೂ ನಡೆಯುತ್ತದೆ. 2016ರ ಸೆಪ್ಟೆಂಬರ್‌ನಲ್ಲಿ ಉರಿಯಲ್ಲಿ ನಮ್ಮ ಸೈನಿಕರ ಮೇಲೆ ದಾಳಿಯಾಯಿತು. ದೇಶಕ್ಕೆ ದೇಶವೇ ನೊಂದಿತ್ತು. ಆ ನೋವು ‘ಏ ದಿಲ್ ಹೈ ಮುಷ್ಕಿಲ್’ ಎಂಬ ಪ್ರೇಮಕಥೆಯ ಮೇಲೆ ತಿರುಗಿತು. ಅದರಲ್ಲಿ ಪಾಕಿಸ್ತಾನದ ನಟ ಫವಾದ್ ಖಾನ್ ಇದ್ದರು. ದಾಳಿಗೆ ಎಷ್ಟೋ ತಿಂಗಳು ಮೊದಲೇ ಅದರ ಚಿತ್ರೀಕರಣ ಮುಗಿದಿತ್ತು. ಕೊನೆಗೆ, ಪಾಕಿಸ್ತಾನಿ ಕಲಾವಿದರಿದ್ದ ಚಿತ್ರಗಳ ನಿರ್ಮಾಪಕರು ಸೇನೆಯ ಕಲ್ಯಾಣ ನಿಧಿಗೆ 5 ಕೋಟಿ ರೂಪಾಯಿ ಕೊಡಬೇಕೆಂಬ ಷರತ್ತು ಬಂತು. ಆಗ ಎದ್ದು ಮಾತಾಡಿದವರು ನಿವೃತ್ತ ಸೇನಾಧಿಕಾರಿಗಳೇ: ಬಲವಂತದ ದುಡ್ಡು ಸೇನೆಗೆ ಬೇಡ ಎಂದರು. ರಕ್ಷಣಾ ಸಚಿವರೂ ದೇಣಿಗೆ ಸ್ವಇಚ್ಛೆಯಿಂದ ಇರಬೇಕೆಂದರು. ಅದೇ ದಿನಗಳಲ್ಲಿ ವಾಘಾ ಗಡಿಯಲ್ಲಿ ಸರಕಿನ ಲಾರಿಗಳು ಎಂದಿನಂತೆ ಓಡಾಡುತ್ತಿದ್ದವು. ಸಿಟ್ಟು ಸುಲಭವಾಗಿ ಕೈಗೆ ಸಿಗುವವನನ್ನೇ ಹುಡುಕುತ್ತದೆ.

ಇದೆಲ್ಲ ಬೇರೆಯವರ ತಪ್ಪು ಎಂದು ತಲೆಯಾಡಿಸಿ ಎದ್ದು ಹೋಗುವಂತಿಲ್ಲ. ತಕ್ಕಡಿಯಲ್ಲಿ ನಮ್ಮನ್ನೂ ತೂಗಿಕೊಳ್ಳಬೇಕು. 2013ರಲ್ಲಿ ಕಮಲ್ ಹಾಸನ್ ಅವರ ‘ವಿಶ್ವರೂಪಂ’ ವಿರುದ್ಧ ತಮಿಳುನಾಡಿನಲ್ಲಿ ನಿಂತವರು ಮುಸ್ಲಿಮ್ ಸಂಘಟನೆಗಳು. ಸರಕಾರ 144ನೇ ಸೆಕ್ಷನ್ ಅಡಿಯಲ್ಲಿ 15 ದಿನ ಚಿತ್ರವನ್ನು ತಡೆಯಿತು. ಆಕ್ಷೇಪದಲ್ಲಿ ಹುರುಳಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಹಿಂಸೆಯ ಪಕ್ಕದಲ್ಲೇ ಕುರ್‌ಆನ್ ಪಾರಾಯಣವನ್ನು ತೋರಿಸಿದರೆ ನೋವಾಗುವುದು ಸಹಜ. ಸಂಘಟನೆಗಳ ಮುಖಂಡರು ಚಿತ್ರವನ್ನು ಮುಂಚಿತವಾಗಿ ನೋಡಿಯೂ ಇದ್ದರು. ಆದರೆ ಅದರ ನಾಯಕ ದೇಶಕ್ಕಾಗಿ ದುಡಿಯುವ ಒಬ್ಬ ಮುಸ್ಲಿಮ್ ಅಧಿಕಾರಿ, ನಮಾಝ್ ಮಾಡುವವನು ಎಂಬ ವಿಷಯ ಬೀದಿಯಲ್ಲಿದ್ದ ಎಷ್ಟು ಜನರಿಗೆ ಗೊತ್ತಿತ್ತು? ಮಾತುಕತೆ ನಡೆದು, ಕೆಲವು ಕಡೆ ಧ್ವನಿ ತೆಗೆದು, ಫೆಬ್ರವರಿ 7ರಂದು ಚಿತ್ರ ಅಲ್ಲಿ ತೆರೆಗೆ ಬಂತು. ಆ ಮಾತುಕತೆ ಮೊದಲೇ ನಡೆಯಬಹುದಿತ್ತಲ್ಲವೇ?

ಇಷ್ಟೆಲ್ಲ ಗದ್ದಲದಿಂದ ಲಾಭ ಯಾರಿಗೆ? 2022ರ ಡಿಸೆಂಬರ್‌ನಲ್ಲಿ ‘ಪಠಾಣ್’ ಚಿತ್ರದ ಹಾಡಿನಲ್ಲಿ ನಟಿ ಉಟ್ಟ ಬಟ್ಟೆಯ ಕೇಸರಿ ಬಣ್ಣಕ್ಕೆ ಒಂದು ಕಡೆಯವರು ಸಿಡಿದೆದ್ದರು. ಮಧ್ಯಪ್ರದೇಶದಲ್ಲಿ ನಮ್ಮವರಲ್ಲೂ ಕೆಲವರು ಪಠಾಣ ಸಮುದಾಯಕ್ಕೆ ಅವಮಾನ ಎಂದರು. ತಿಂಗಳಿಡೀ ಟಿ.ವಿ.ಯಲ್ಲಿ ಅದೇ ಚರ್ಚೆ. ಜನವರಿ 25ಕ್ಕೆ ಬಿಡುಗಡೆಯಾದ ಚಿತ್ರ ಜಗತ್ತಿನಾದ್ಯಂತ 1,000 ಕೋಟಿ ರೂಪಾಯಿಗೂ ಮೀರಿ ಗಳಿಸಿತು. ಗಳಿಕೆಗೆ ಕಾರಣಗಳು ಹಲವಿರಬಹುದು. ಆದರೆ ವಿರೋಧಿಸಿದವರು ಕಾಸು ಕೇಳದೆ ಪ್ರಚಾರ ಮಾಡಿಕೊಟ್ಟರು ಎಂಬುದಂತೂ ನಿಜ.

ಹಾಗಾದರೆ ಸುಳ್ಳು ಹೇಳಿ ನಮ್ಮನ್ನು ಕಳಂಕಿತರನ್ನಾಗಿ ಮಾಡುವ ಚಿತ್ರ ಬಂದರೆ? ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ 2023ರ ‘ದಿ ಕೇರಳ ಸ್ಟೋರಿ’ ಪ್ರಕರಣವೇ ಪಾಠ. ಕೇರಳದ 32,000 ಹೆಣ್ಣುಮಕ್ಕಳು ಮತಾಂತರವಾಗಿ ಭಯೋತ್ಪಾದಕರ ಬಲೆಗೆ ಬಿದ್ದರು ಎಂಬಂತೆ ಅದರ ಟೀಸರ್ ಹೇಳಿತ್ತು. ಹಲವರು ಒಂದೇ ಪ್ರಶ್ನೆ ಕೇಳಿದರು: ಈ ಲೆಕ್ಕಕ್ಕೆ ಪುರಾವೆ ಎಲ್ಲಿದೆ? ವಿಷಯ ಕೇರಳ ಹೈಕೋರ್ಟಿಗೆ ಹೋದಾಗ ನಿರ್ಮಾಪಕರು ಆ ಟೀಸರ್ ತೆಗೆಯಲು ಒಪ್ಪಿದರು. 32,000 ಇದ್ದ ವಿವರಣೆ ಮೂವರು ಯುವತಿಯರಿಗೆ ಇಳಿಯಿತು. ಪಶ್ಚಿಮ ಬಂಗಾಳ ಸರಕಾರ ಚಿತ್ರವನ್ನು ನಿಷೇಧಿಸಿತ್ತು. ಮೇ 18ರಂದು ಸುಪ್ರೀಂ ಕೋರ್ಟ್ ಆ ನಿಷೇಧಕ್ಕೆ ತಡೆ ಕೊಟ್ಟಿತು. ಅದೇ ಆದೇಶದಲ್ಲಿ, 32,000 ಎಂಬ ಸಂಖ್ಯೆಗೆ ಅಧಿಕೃತ ಆಧಾರವಿಲ್ಲವೆಂದು ಚಿತ್ರದಲ್ಲೇ ತೋರಿಸಬೇಕೆಂದೂ ಹೇಳಿತು. ನೋಡಿ, ನಿಷೇಧ ನಿಲ್ಲಲಿಲ್ಲ, ಪ್ರಶ್ನೆ ನಿಂತಿತು.

ಕಾನೂನಿನ ದಾರಿಯೂ ಇದೇ. 1952ರ ಸಿನಿಮಾಟೋಗ್ರಾಫ್ ಕಾಯಿದೆಯಡಿ ಪ್ರಮಾಣಪತ್ರ ಕೊಡುವ ಮಂಡಳಿ ಇದೆ, ಬೆಂಗಳೂರಿನಲ್ಲಿ ಅದರ ಪ್ರಾದೇಶಿಕ ಕಚೇರಿಯೂ ಇದೆ. ಅಲ್ಲಿಗೆ ಬರೆಯಬಹುದು, ಹೈಕೋರ್ಟಿಗೆ ಹೋಗಬಹುದು. ಪ್ರಮಾಣಪತ್ರ ಸಿಕ್ಕ ಚಿತ್ರವನ್ನು ಗಲಾಟೆಯ ಬೆದರಿಕೆಗೆ ಹೆದರಿ ತಡೆಯುವಂತಿಲ್ಲ, ರಕ್ಷಣೆ ಕೊಡುವುದು ಸರಕಾರದ ಹೊಣೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಗಲಾಟೆಗೆ ಹೋದ ಹುಡುಗನ ಮೇಲೆ ಮಾತ್ರ ಎಫ್‌ಐಆರ್ ಉಳಿಯುತ್ತದೆ. ನಾಳೆ ಗಲ್ಫ್‌ಗೆ ಹೊರಡುವಾಗ ಪೊಲೀಸ್ ಕ್ಲಿಯರೆನ್ಸ್ ಕೇಳುತ್ತಾರೆ. ‘ಮುಂದೆ ನುಗ್ಗಿ’ ಎಂದವರು ಆಗ ಠಾಣೆಗೆ ಬರುವುದಿಲ್ಲ, ಅವನ ತಾಯಿ ಬರುತ್ತಾಳೆ.

ನಮ್ಮ ದೀನ್ ಇದನ್ನೆಲ್ಲ ಮೊದಲೇ ಕಲಿಸಿದೆ. ಯಾರಾದರೂ ಸುದ್ದಿ ತಂದರೆ ಮೊದಲು ವಿಚಾರಿಸಿ, ಅರಿಯದೆ ಒಂದು ಜನರಿಗೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡಬೇಡಿ ಎಂಬ ಆದೇಶ ಸೂರಃ ಅಲ್ ಹುಜುರಾತ್‌ನಲ್ಲಿದೆ. ಅಲ್ಲಾಹನ ವಚನಗಳನ್ನು ಗೇಲಿ ಮಾಡುವ ಕೂಟದ ಬಗ್ಗೆಯೂ ಸೂರಃ ಅನ್ನಿಸಾ ಹೇಳುವುದೇನು? ಅವರು ಬೇರೆ ಮಾತಿಗೆ ಹೋಗುವವರೆಗೆ ಅವರ ಜೊತೆ ಕೂರಬೇಡಿ ಎನ್ನುತ್ತದೆ. ಕೂಟವನ್ನು ಒಡೆಯಿರಿ ಎನ್ನುವುದಿಲ್ಲ. ಟಿಕೆಟ್ ಕೊಳ್ಳದಿರುವುದೂ ಇಂದಿನ ಮಟ್ಟಿಗೆ ಎದ್ದು ಹೋಗುವುದೇ.

ಆದ್ದರಿಂದ ಯುವಕರೇ, ಮುಂದಿನ ತುಣುಕು ಮೊಬೈಲಿಗೆ ಬಂದಾಗ ಮೂರು ಕೆಲಸ ಮಾಡಿ. ಇದು ನಿಜವಾಗಿಯೂ ಆ ಚಿತ್ರದ್ದೇ, ಅದರ ಹಿಂದೆಮುಂದೆ ಏನಿದೆ ಎಂದು ವಿಚಾರಿಸಿ. ವಿಚಾರಿಸುವವರೆಗೆ ಯಾರಿಗೂ ಕಳಿಸಬೇಡಿ. ಕೇಳಿದ್ದನ್ನೆಲ್ಲ ಹೇಳುತ್ತ ಹೋಗುವುದೂ ಸುಳ್ಳಿನ ಬಾಗಿಲೇ ಎಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಸುಳ್ಳು ಇರುವುದು ಖಚಿತವಾದರೆ ಜಮಾಅತಿನ ಹಿರಿಯರನ್ನೂ ವಕೀಲರನ್ನೂ ಕೂಡಿಸಿಕೊಂಡು, ಹೆಸರು ಹಾಕಿ, ಸಹಿ ಮಾಡಿ ಪುರಾವೆ ಕೇಳಿ. ಸುಮ್ಮನೆ ಕೂರಬೇಕಾ ಎಂದು ಕೇಳಿದಿರಲ್ಲ, ಕೂರಬೇಡಿ. ಬರೆಯಲು ಕೂರಿ.

ಸತ್ಯವನ್ನು ಸತ್ಯವೆಂದು ಗುರುತಿಸುವ, ಸಿಟ್ಟಿನಲ್ಲೂ ನ್ಯಾಯ ಬಿಡದ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ನೀಡಲಿ. ಆಮೀನ್.