‘ಗೋ’ ಎಂಬ ಕ್ರಿಯಾಪದವೂ ನಮ್ಮ ‘ಹೋಗು’ವೂ

ಇಂಗ್ಲಿಷ್ ಕಲಿಯತೊಡಗಿದ ಬಾಲಕರು ಮೊದಲು ಮುಗ್ಗರಿಸುವ ಕ್ರಿಯಾಪದಗಳಲ್ಲಿ ‘ಗೋ’ ಒಂದು. ‘ವಾಕ್’ಗೆ ‘ವಾಕ್ಡ್’ ಎಂದು ಭೂತಕಾಲವಾದರೆ ‘ಗೋ’ಗೆ ‘ವೆಂಟ್’ ಆದುದೇಕೆ? ಪ್ರಶ್ನೆ ನ್ಯಾಯವಾದುದೇ. ಬಾಯಿಪಾಠ ಮಾಡೆಂದು ಗದರಿಸಿ ಸುಮ್ಮನಾಗುವುದು ನಮಗೆ ಒಪ್ಪಿಗೆಯಿಲ್ಲ.

ಇವು ಮೂಲತಃ ಎರಡು ಬೇರೆ ಧಾತುಗಳು. ಪ್ರಾಚೀನ ಇಂಗ್ಲಿಷಿನಲ್ಲಿ ‘ಗಾನ್’ ಎಂದರೆ ಹೋಗು; ಅದರ ಭೂತಕಾಲದ ರೂಪ ಇಂದಿನ ‘ವೆಂಟ್’ ಅನ್ನು ಹೋಲುತ್ತಲೇ ಇರಲಿಲ್ಲ. ‘ವೆಂಡ್’ ಎಂಬ ಬೇರೊಂದು ಕ್ರಿಯಾಪದಕ್ಕೆ ತಿರುಗು, ಸಾಗು ಎಂಬ ಅರ್ಥಗಳಿದ್ದವು. ‘ಸೆಂಡ್’ಗೆ ‘ಸೆಂಟ್’ ಆಗುವಂತೆ ಇದಕ್ಕೆ ‘ವೆಂಟ್’ ಆಯಿತು. ಸುಮಾರು 15ನೆಯ ಶತಮಾನದ ವೇಳೆಗೆ ‘ಗೋ’ ತನ್ನ ಹಳೆಯ ಭೂತರೂಪವನ್ನು ಬಿಟ್ಟು ನೆರೆಯವನ ‘ವೆಂಟ್’ ಅನ್ನೇ ತನ್ನದಾಗಿಸಿಕೊಂಡಿತು.

ನಮ್ಮ ‘ಹೋಗು’ ಹಾಗೆ ಎರವಲು ತಂದುದಲ್ಲ. ಆದರೆ ಅದೂ ವೇಷ ಬದಲಿಸಿದೆ. ಹಳಗನ್ನಡದಲ್ಲಿ ಅದು ‘ಪೋಗು’. 10ನೆಯ ಶತಮಾನದಿಂದೀಚೆಗೆ ಕ್ರಮೇಣ ಪದದ ಮೊದಲಿನ ಪಕಾರವು ಹಕಾರವಾಗುತ್ತ ಬಂದು ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು. ತಮಿಳಿನಲ್ಲಿ ಪಕಾರ ಹಾಗೆಯೇ ನಿಂತಿತು.

ಇದನ್ನು ಕಿವಿಯಾರೆ ಕೇಳಬೇಕಾದರೆ ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಗೆ ಹೋಗಬೇಕು. ತಲೆಮಾರುಗಳಿಂದ ಅಲ್ಲಿ ನೆಲೆಸಿ ಬೇಸಾಯ ಮಾಡುತ್ತಿರುವ ಕನ್ನಡ ಮನೆಮಾತಿನ ಒಕ್ಕಲು ಕುಟುಂಬಗಳುಂಟು. 1909ರಲ್ಲಿ ಪ್ರಕಟವಾದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿ ಎಡ್ಗರ್ ಥರ್ಸ್ಟನ್ನರು ಇವರನ್ನು ಕಾಪ್ಪಿಲಿಯರೆಂದು ಹೆಸರಿಸಿ, ಕನ್ನಡವಾಡುವ ರೈತರೆಂದು ಬರೆದಿದ್ದಾರೆ. ಅಂಥ ಮನೆಯ ಮಗು ತಾಯಿಯೊಡನೆ ‘ಹಾಲು ಕೆಟ್ಟುಹೋಯಿತು’ ಎಂಬುದನ್ನು ಕನ್ನಡದಲ್ಲಿ ಹೇಳುತ್ತದೆ. ಓಣಿಗಿಳಿದೊಡನೆ ಅದೇ ಮಾತು ‘ಪಾಲ್ ಕೆಟ್ಟುಪ್ಪೋಚ್ಚು’ ಎಂದಾಗುತ್ತದೆ. ಮೂರು ಪದಗಳೂ ಒಂದೇ ಬೇರಿನವು! ಮನೆಯಲ್ಲಿ ಮಾತ್ರ ಕನ್ನಡವನ್ನಾಡಿ, ಶಾಲೆಯಲ್ಲಿ ಅದರ ಅಕ್ಷರವನ್ನೇ ಕಾಣದ ಮಗು, ತನ್ನದು ಕೆಟ್ಟ ತಮಿಳೆಂದು ಯಾರಾದರೂ ನಕ್ಕರೆ ನಾಚಬೇಕಾದ ಕಾರಣವಿಲ್ಲ. ಅದರ ‘ಹೋಗು’ವಿಗೆ ‘ಪೋ’ ತಾಯಿಯಲ್ಲ, ಒಡಹುಟ್ಟು.

ಅರ್ಥದಲ್ಲಿಯೂ ಈ ಕ್ರಿಯಾಪದಗಳು ದೂರ ನಡೆದಿವೆ. ಮರೆತುಹೋಯಿತು, ಒಣಗಿಹೋಯಿತು ಎಂಬಲ್ಲಿ ನಡೆಯುವವರು ಯಾರೂ ಇಲ್ಲ. ಕೆಲಸ ಪೂರ್ಣವಾಯಿತೆಂಬುದಷ್ಟೇ ಅರ್ಥ. ಹಾಲು ಕೆಟ್ಟುದನ್ನು ಹೇಳಲು ಇಂಗ್ಲಿಷರೂ ‘ಗೋ’ವನ್ನೇ ಬಳಸುತ್ತಾರೆ. ಆದರೆ ಹೊಸ್ತಿಲಲ್ಲಿ ನಿಂತು ‘ಹೋಗುತ್ತೇನೆ’ ಎಂದರೆ ಅಜ್ಜಿ ಸಿಡುಕುವುದು ನಮ್ಮಲ್ಲಿ ಮಾತ್ರ. ‘ಹೋಗಿ ಬರುತ್ತೇನೆ’ ಎನ್ನಬೇಕು. ತಮಿಳರ ಮನೆಯಲ್ಲಾದರೆ ‘ಪೋಯಿಟ್ಟು ವರೇನ್’.