ಟ್ರೇಲರಿನ ಟೈರುಗಳ ಗಾಳಿಯ ಒತ್ತಡವನ್ನು ತಿಳಿಸುವ ಉಪಕರಣ

ಕಬ್ಬು ಹೇರಿದ ಟ್ರೇಲರಿನ ಟೈರಿನಲ್ಲಿ ಗಾಳಿಯು ಇಳಿಯುತ್ತಿರುವುದು ಮುಂದೆ ಟ್ರ್ಯಾಕ್ಟರಿನ ಮೇಲಿರುವ ಚಾಲಕನಿಗೆ ಸುಲಭವಾಗಿ ತಿಳಿಯದು. ಅಂತಹ ಟೈರಿನ ಪಕ್ಕಗಳು ಭಾರಕ್ಕೆ ಮತ್ತೆ ಮತ್ತೆ ಬಾಗಿ, ಕಾದು, ಒಡೆಯುವ ಸಂಭವವುಂಟು. ಟ್ರೇಲರು ಮಗುಚಿದರೆ ಆಳುಗಳ ಪ್ರಾಣಕ್ಕೇ ಅಪಾಯ.

ಅಮೆರಿಕದಲ್ಲಿ 2007ರ ಸೆಪ್ಟೆಂಬರಿನಿಂದ ಹೊಸ ಕಾರುಗಳಿಗೆ ಕಡ್ಡಾಯವಾದ ಒತ್ತಡಸೂಚಕವು ಈಗ ಟ್ರೇಲರುಗಳಿಗೂ ದೊರೆಯುವುದು. ಪ್ರತಿಯೊಂದು ಟೈರಿನ ವಾಲ್ವಿಗೂ ಒಂದು ಸಣ್ಣ ಸೆನ್ಸರನ್ನು ತಿರುಗಿಸಿ ಕೂರಿಸತಕ್ಕದ್ದು. ಅದು ಒತ್ತಡವನ್ನು ರೇಡಿಯೋ ಅಲೆಗಳ ಮೂಲಕ ಚಾಲಕನೆದುರಿನ ಫಲಕಕ್ಕೆ ತಿಳಿಸುವುದು. ಗಾಳಿಯು ಇಳಿದರೆ ಫಲಕವು ಶಬ್ದಮಾಡಿ ಎಚ್ಚರಿಸುವುದು.

ತಯಾರಕರು ಹೇಳಿದಷ್ಟು ಗಾಳಿಯನ್ನು ಟೈರು ತಣ್ಣಗಿರುವಾಗಲೇ ತುಂಬಿ, ಆ ಅಂಕೆಯನ್ನು ಉಪಕರಣದಲ್ಲಿ ನಮೂದಿಸತಕ್ಕದ್ದು. ಓಡುವಾಗ ಒತ್ತಡವು ಏರುವುದು ಸಹಜ. ಆಗ ಗಾಳಿಯನ್ನು ಬಿಡಕೂಡದು. ಶಬ್ದವಾದೊಡನೆ ಗಾಡಿಯನ್ನು ಮೆಲ್ಲನೆ ಬದಿಗೆ ನಿಲ್ಲಿಸಬೇಕು.

ಸವೆದ ಟೈರನ್ನಾಗಲಿ ಮಿತಿಮೀರಿದ ಹೇರನ್ನಾಗಲಿ ಉಪಕರಣವು ಸರಿಪಡಿಸಲಾರದು. ಹೇರಿನ ಮೇಲೆ ಆಳುಗಳನ್ನು ಕೂರಿಸದಂತೆ ಗ್ರಾಮದ ಮುಖಂಡರೂ ಜಮೀನುದಾರರೂ ನೋಡಿಕೊಳ್ಳತಕ್ಕದ್ದು.